ದಾರಿ ಕಟ್ಟಿದವರ ಮೇಲೆ ಅದೋಯೋ ಅಕ್ಕನ ದೂರು

ಬೆಳಕು ಹರಿಯುವ ಮುನ್ನವೇ ಪರ್ಪೆಚುವಾ ಅದೋಯೋ ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದಾರೆ. ಎಡಗೈಯಲ್ಲಿ ಫೋನು, ಬಲಗೈಯನ್ನು ಗಾಳಿಗೆ ಒಡ್ಡಿದ್ದಾರೆ. "ಆ ಕಡೆ ಹೆಂಗಿದೆ? ಅಲೆ ನೊರೆ ಕಾರ್ತಿದ್ಯಾ?" ಎಂದು ದ್ವೀಪದಲ್ಲಿರುವ ಯಾರನ್ನೋ ಕೇಳುತ್ತಾರೆ. ಉತ್ತರ ಬಂದೊಡನೆ ತಮ್ಮ ವೆಬ್‌ಸೈಟಿಗೆ ಒಂದು ಸಾಲು ಹಾಕುತ್ತಾರೆ: ದಕ್ಷಿಣದ ಗಾಳಿ ಜೋರು, ಹತ್ತು ಗಂಟೆಯವರೆಗೆ ಯಾರೂ ಇಳಿಯಬೇಡಿ. ದೋಣಿಗೆ ಹೆಗಲು ಕೊಟ್ಟಿದ್ದ ಗಂಡಸರು ಫೋನು ನೋಡಿ, ಗೊಣಗಿಕೊಂಡು, ಚಹಾದಂಗಡಿಯ ಕಡೆ ತಿರುಗುತ್ತಾರೆ.

ಕೊಡಿಯೊ ದಡದಲ್ಲಿ ಎಲ್ಲರೂ ಅವರನ್ನು ಕರೆಯುವುದು ನ್ಯಾರ್ ಉಯೋಮಾ, ಅಂದರೆ ಉಯೋಮಾ ಸೀಮೆಯ ಮಗಳು ಎಂದು. ವಿಕ್ಟೋರಿಯಾ ಸರೋವರದ ಒಮೆನಾ ಎಂಬ ಪುಟ್ಟ ಮೀನು ಒಣಗಿಸಿ ಮಾರುವುದು ಅವರ ಹೊಟ್ಟೆಪಾಡು. ಗಾಳಿಯ ಪುಟ ನಡೆಸುವುದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಕಿಸುಮುವಿನ ಇಂಟರ್‌ನೆಟ್ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತ ಕದ್ದು ನೋಡಿ ಕಲಿತ ವಿದ್ಯೆ ಅದು. ಒಂಬತ್ತು ವರ್ಷಗಳ ಗಾಳಿ ಆ ಪುಟದಲ್ಲಿದೆ. ದಿನಕ್ಕೆ ಮುನ್ನೂರು ನಾನ್ನೂರು ಬೆಸ್ತರು ಅದನ್ನು ನೋಡಿಯೇ ನೀರಿಗೆ ಇಳಿಯುತ್ತಾರೆ.

ಈ ಮಾರ್ಚಿನ ಒಂದು ಬೆಳಗ್ಗೆ ಪುಟ ಕುಸಿದುಬಿತ್ತು. ಅಷ್ಟು ಹೊತ್ತಿಗೆ ಎಂಟು ಲಕ್ಷ ಸಲ ಯಾರೋ ಅದರ ಬಾಗಿಲು ತಟ್ಟಿದ್ದರು. ತಟ್ಟಿದ್ದು ಮನುಷ್ಯರಲ್ಲ, ಎಲ್ಲೋ ಕುಳಿತ ಕಂಪನಿಗಳು ಜಗತ್ತಿನ ಬರಹವನ್ನೆಲ್ಲ ಬಾಚಿ ತರಲು ಬಿಟ್ಟ ಯಂತ್ರಗಳು. ಎಂದೋ ಬೀಸಿ ಹೋದ ಗಾಳಿಯನ್ನು ಮತ್ತೆ ಮತ್ತೆ ಕೇಳುತ್ತಿದ್ದವು. ಅವತ್ತಿನ ಗಾಳಿ ಬೇಕಿದ್ದ ಓಂಡಿಯೆಕ್ ಎಂಬ ಬೆಸ್ತನಿಗೆ ಪುಟ ತೆರೆಯಲೇ ಇಲ್ಲ. ಆಕಾಶ ನೋಡಿ ದೋಣಿ ಇಳಿಸಿದ. ಎರಡು ದಿನದ ಮೇಲೆ ಹೆಣ ಸಿಕ್ಕಿತು.

"ಅವನ ಹೆಂಡ್ತಿ ಎಲ್ರ ಮುಂದೆ ಕೇಳಿದ್ಳು, ನೀನ್ಯಾಕೆ ಅವತ್ತು ಬರೀಲಿಲ್ಲ ಅಂತ. ಬರ್ದಿದ್ದೆ ಕಣಪ್ಪಾ! ಬರ್ದಿದ್ದೆ!" ಇದನ್ನು ಹೇಳುವಾಗ ಅದೋಯೋ ಸುದ್ದಿ ಬರೆಯಲು ಬಂದ ನನ್ನ ಮೇಲೇ ರೇಗುತ್ತಾರೆ.

ನೈರೋಬಿಯ ಪರಿಚಯದವನೊಬ್ಬ ಪುಟಕ್ಕೆ ಕಾವಲು ಹಾಕಿಕೊಟ್ಟ. ಮನುಷ್ಯನೇ ಹೌದೋ ಎಂದು ಪರೀಕ್ಷಿಸಲು ಟ್ರಾಫಿಕ್ ದೀಪ ಇರುವ ಚಿತ್ರಗಳನ್ನು ಒತ್ತಬೇಕಿತ್ತು. ಹುಟ್ಟಿದಾಗಿನಿಂದ ದಡ ಬಿಟ್ಟು ಹೋಗದ ಮುದುಕರು ಒದ್ದೆ ಬೆರಳಲ್ಲಿ ಕಂಡಕಂಡದ್ದನ್ನು ಒತ್ತಿದರು. "ನ್ಯಾರ್ ಉಯೋಮಾ, ಗಾಳಿ ಕೇಳಿದ್ರೆ ಪೇಟೆ ರಸ್ತೆ ದೀಪ ತೋರಿಸ್ತೀಯಲ್ಲೇ, ನಾವೇನು ದೋಣಿ ಬಿಟ್ಟು ಬಸ್ ಓಡಿಸ್ಬೇಕಾ?" ಎಂದು ಬೈದರು. ಯಂತ್ರಗಳು ಮಾತ್ರ ಸಲೀಸಾಗಿ ಒಳಗೆ ಬಂದವು. ಕಾವಲು ಅಂದೇ ಕಿತ್ತುಹಾಕಬೇಕಾಯಿತು.

ಅದೋಯೋ ಠಾಣೆಗೆ ಹೋದರು. ಅಲ್ಲಿನ ಅಧಿಕಾರಿ ಮುಸೆಂಬಿ ಒಳ್ಳೆಯ ಮನುಷ್ಯ, ಆದರೆ ಕುರ್ಚಿ ಬಿಟ್ಟು ಏಳುವ ಪೈಕಿ ಅಲ್ಲ. "ಏನು ಕದ್ರಮ್ಮಾ? ಬೀಗ ಒಡೆದ್ರಾ? ಎಲ್ರೂ ನೋಡ್ಲಿ ಅಂತ ನೀನೇ ಇಟ್ಟಿದ್ದೆ, ನೋಡಿದಾರೆ. ಇದು ದಾಳಿ ಹೆಂಗಾಗತ್ತೆ?" ಎಂದು ಕೇಳಿದ.

ದೂರು ಬೇಡ ಎಂದವರು ದಡದಲ್ಲೂ ಇದ್ದರು. ಸ್ಥಳೀಯ ರೇಡಿಯೋದ ಒಗುಟು ದಿನಾ ಬೆಳಗ್ಗೆ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಓಡಿಸಿ ಆ ಪುಟದ ಗಾಳಿಯನ್ನು ಎತ್ತಿಕೊಂಡು ವಾರ್ತೆಯಲ್ಲಿ ಓದುತ್ತಾನೆ. "ಅಕ್ಕಾ, ಯಂತ್ರದಲ್ಲಿ ಎತ್ಕೊಳ್ಳೋದೇ ಅಪರಾಧ ಅಂತಾದ್ರೆ ಆ ಕಂಪನಿಯೋರು ಸಿಗ್ತಾರಾ? ಕೈಗೆ ಸಿಗೋನು ನಾನು," ಎಂದು ಅವನ ತಕರಾರು. ಅವನ ಭಯ ಸುಳ್ಳೆಂದು ನನಗೂ ಹೇಳಲಾಗಲಿಲ್ಲ. ಅದೋಯೋ ಹೇಳಿದರು: "ನೀನು ದಿನಕ್ಕೊಂದ್ಸಲ ಬರ್ತೀಯ, ತಗೊಂಡು ಹೋಗ್ತೀಯ. ಹಿಂದಿನೋನಿಗೆ ಜಾಗ ಬಿಡ್ತೀಯ. ದಡದ ಬಾಯಿಗೆ ದೋಣಿ ಅಡ್ಡ ಎಳೆದು ನಿಲ್ಲಿಸಿದೋನಿಗೆ ನಾವು ದಂಡ ಹಾಕಲ್ವಾ? ಅವನೇನು ಕದ್ದ ಅಂತ ಯಾರಾದ್ರೂ ಕೇಳ್ತಾರಾ?"

ಕಳೆದ ಗುರುವಾರ ಮೀನು ಒಣಗಿಸುವ ಹೆಂಗಸರೆಲ್ಲ ಠಾಣೆಗೆ ಹೊರಟರು. ಓಂಡಿಯೆಕ್‌ನ ಹೆಂಡತಿಯೇ ಎಲ್ಲರಿಗಿಂತ ಮುಂದೆ. ನಾನೂ ಒಗುಟುವೂ ಹಿಂದೆ.

"ಅಫಂದೆ, ಇವತ್ತು ಯಾವ ವಾರ?" ಎಂದು ಅವಳು ಕೈಕಟ್ಟಿ ಕೇಳಿದಳು. ಅಫಂದೆ ಎಂದರೆ ಇಲ್ಲಿ ಪೊಲೀಸ್ ಸಾಹೇಬ.

"ಗುರುವಾರ," ಎಂದ ಮುಸೆಂಬಿ. ಅವಳು ವಂದಿಸಿ ಸಾಲಿನ ಕೊನೆಗೆ ಹೋದಳು. ಎರಡನೆಯವಳೂ ಅದನ್ನೇ ಕೇಳಿದಳು. ಮೂರನೆಯವಳೂ ಕೇಳಿದಳು. ಸಾಲು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಮೇಕೆ ಕಳೆದುಕೊಂಡು ಬಂದಿದ್ದವನೊಬ್ಬ ಬಾಗಿಲಾಚೆಯೇ ಸಿಕ್ಕಿಕೊಂಡು ಬೊಬ್ಬೆ ಹೊಡೆಯುತ್ತಿದ್ದ. ಫೋನು ರಿಂಗಾಗುತ್ತಿತ್ತು, ಎತ್ತಲು ಬಿಡುವಿರಲಿಲ್ಲ. ಉಪ್ಪುಮೀನಿನ ವಾಸನೆ ಠಾಣೆಯ ತುಂಬ ಅಡರಿತ್ತು.

ಮಧ್ಯಾಹ್ನದ ಹೊತ್ತಿಗೆ ಮುಸೆಂಬಿ ಮೇಜು ಗುದ್ದಿ ಎದ್ದ. "ಸಾಕು! ಇದು ಠಾಣೆ ಮೇಲೆ ದಾಳಿ! ಎಲ್ರನ್ನೂ ಒಳಗೆ ಹಾಕ್ತೀನಿ!"

"ನಾವೇನು ಕದ್ವಿ, ಅಫಂದೆ?" ಅದೋಯೋ ಮೆತ್ತಗೆ ಕೇಳಿದರು. "ಬೀಗ ಒಡೆದ್ವಾ? ಬಾಗಿಲು ತೆಗೆದಿತ್ತು, ಕೇಳಿದ್ವಿ."

ಹೆಂಗಸರು ಹೊದ್ದ ಬಟ್ಟೆಯ ಅಂಚು ಕಚ್ಚಿಕೊಂಡು ನಕ್ಕರು. ಓಂಡಿಯೆಕ್‌ನ ಹೆಂಡತಿ ನಗಲಿಲ್ಲ, ಅಧಿಕಾರಿಯ ಮುಖವನ್ನೇ ನೋಡುತ್ತ ನಿಂತಿದ್ದಳು. ಮುಸೆಂಬಿ ಕುಳಿತು ಪೆನ್ನು ಎತ್ತಿಕೊಂಡ.

"ಓದಿದ್ದಕ್ಕೆ ಅಂತ ಬರೀಬೇಡಿ," ಅದೋಯೋ ಒಗುಟುವಿನ ಕಡೆ ಒಮ್ಮೆ ನೋಡಿ ಹೇಳಿದರು. "ಯಾರು ಬೇಕಾದ್ರೂ ಓದ್ಲಿ. ದಾರಿ ಕಟ್ಟಿದ್ದಕ್ಕೆ ಅಂತ ಬರೀರಿ. ಅದ್ರಿಂದ ಒಬ್ಬ ಸತ್ತ ಅಂತಾನೂ ಬರೀರಿ."

"ಆರೋಪಿ ಹೆಸರು?"

"ಅದನ್ನ ಹುಡುಕಕ್ಕೇ ನಿಮಗೆ ಸಂಬಳ."

ದೂರು ಈಗ ಜಿಲ್ಲಾ ಕಚೇರಿಗೆ ಹೋಗಿದೆ. ಯಂತ್ರಗಳು ಇನ್ನೂ ಬರುತ್ತಿವೆ. ಪುಟ ತೆರೆಯದ ಬೆಳಗ್ಗೆಗಳಲ್ಲಿ ಅದೋಯೋ ದಡದುದ್ದಕ್ಕೂ ಓಡಿ ದೋಣಿ ಹಿಡಿದು ನಿಲ್ಲಿಸುತ್ತಾರೆ. ಮೇಲಿನವರು ಕಾಗದವನ್ನು ಮೂಲೆಗೆ ಎಸೆದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ಚಾಪೆಯ ಮೇಲಿನ ಮೀನು ಮಗುಚುತ್ತಲೇ ಉತ್ತರಿಸಿದರು.

"ಆ ಕಚೇರಿಗೆ ನಾಕು ಬಾಗಿಲಂತೆ. ಪಕ್ಕದ ದಡದೋರ್ಗೂ ಹೇಳಿಟ್ಟಿದೀನಿ."