ಡಿಂಡಿಗೆ ಬಿದ್ದ ಉಡಿ

ನಮ್ಮ ಉಡಿ ಕೃಷ್ಣೆಗೆ ಮುಟ್ಟಲಿಲ್ಲ. ನಾಲ್ಕು ಸಲ ಕೊಟ್ಟೆವು, ನಾಲ್ಕು ಸಲವೂ ಬೇರೆ ನೀರಿಗೆ ಬಿತ್ತು. ನಡೆದದ್ದು ಇಷ್ಟೇ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ಗಾಡಿಯದೇ ತಪ್ಪು ಅನ್ನುವವರೂ ಇದ್ದಾರೆ. ಗಾಡಿ ಏನೂ ತಪ್ಪು ಮಾಡಲಿಲ್ಲ.

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಫೋಟೋ ತೋರಿಸಿದಳು. ಮಾದಾಪುರದ ಅವಳ ಆಫೀಸಿನವರೆಲ್ಲ ಸೇರಿ ಮನೆಯಂಥ ಗಾಡಿಯೊಂದನ್ನು ಬಾಡಿಗೆಗೆ ಹಿಡಿದು ಅರಕು ಕಣಿವೆಗೆ ಹೋಗಿದ್ದರಂತೆ. ಒಳಗೆ ಹಾಸಿಗೆ, ಒಲೆ, ಸುತ್ತಲೂ ದೊಡ್ಡ ದೊಡ್ಡ ಗಾಜು. "ನೀವೂ ಹಿಂಗ ತಿರುಗೀರಂತಲ್ಲ ಅಜ್ಜೀ, ಏನೇನು ನೋಡಿದ್ರಿ?" ಎಂದಳು. ಬೇಳೆ ಎಂದೆ. ಅವಳು ನಕ್ಕಳು. ತಮಾಷೆಗೆ ಹೇಳಿದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೆಯ ಇಯತ್ತೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಆಗ ನಾವು ಆಂಧ್ರಪ್ರದೇಶದ ಕಾಚಿಗೂಡದಲ್ಲಿ ಇದ್ದೆವು. ನನ್ನ ಗಂಡ ಕೇಂದ್ರ ಸರಕಾರದ ಒಂದು ಕಾರ್ಖಾನೆಯಲ್ಲಿ ವೆಲ್ಡರ್. ಕಾರ್ಖಾನೆಯ ಹಳೆಯ ಆಂಬುಲೆನ್ಸನ್ನು ಹರಾಜಿಗೆ ಇಟ್ಟಾಗ ಇವರು ಹಿಡಿದರು. ಯಾಕೆ ಎಂದು ಕೇಳಿದೆ. "ಮನಿ ಮಾಡ್ತೀನಿ" ಎಂದರು. ಇದ್ದ ಮನೆಯ ಸೋರುವ ಮಾಡು ರಿಪೇರಿ ಮಾಡದ ಮನುಷ್ಯ ಗಾಲಿಯ ಮೇಲೆ ಮನೆ ಮಾಡಲು ಹೊರಟರು. ಮಾಡಿದರು ಕೂಡ, ಸುಳ್ಳು ಹೇಳಬಾರದು. ಸ್ಟ್ರೆಚರ್ ಇಡುವ ಕಂಬಿಯ ಮೇಲೆ ಹಲಗೆ ಬಡಿದು ಅತ್ತೆಗೆ ಮಂಚ ಮಾಡಿದರು. ಎದುರಿಗೆ ಕಬ್ಬಿಣದ ಪೆಟ್ಟಿಗೆಯಲ್ಲಿ ಸೀಮೆಎಣ್ಣೆಯ ಪಂಪ್ ಸ್ಟೋವ್ ಕೂರಿಸಿದರು. ಮೂಲೆಗೆ ನಳ ಹಚ್ಚಿದ ನೀರಿನ ಡ್ರಮ್ಮು. ಸಲೈನ್ ಬಾಟಲಿ ತೂಗುಹಾಕುವ ಕೊಕ್ಕೆಯಲ್ಲಿ ನಾನು ಬೆಳ್ಳುಳ್ಳಿಯ ಗೊಂಚಲು ತೂಗುಹಾಕಿದೆ. ಹೊರಗಡೆ ಬೂದಿ ಬಣ್ಣ ಹೊಡೆದರು. ಆದರೂ ಬಿಸಿಲಿನಲ್ಲಿ ದಿಟ್ಟಿಸಿ ನೋಡಿದರೆ ಕೆಳಗಿನ ಕೆಂಪು ಗುರುತು ಕಾಣುತ್ತಿತ್ತು. ರಸ್ತೆಯಲ್ಲಿ ಕೆಲವರು ಒಳಗೆ ಯಾರೋ ಸಾಯುತ್ತಿದ್ದಾರೆಂದು ದಾರಿ ಬಿಡುತ್ತಿದ್ದರು.

ಒಂದನ್ನು ಮಾತ್ರ ಇವರು ಮುಟ್ಟಲಿಲ್ಲ. ಆಂಬುಲೆನ್ಸಿನ ಗಾಜುಗಳಿಗೆ ಒಳಗಿನಿಂದ ಬಿಳಿ ಬಣ್ಣ ಬಳಿದಿದ್ದರು, ರೋಗಿ ಹೊರಗಿನವರಿಗೆ ಕಾಣಬಾರದು ಎಂದು. ಅದು ಹಾಗೇ ಉಳಿಯಿತು. "ಒಳಗ ಹೆಣ್ಮಕ್ಕಳಿರ್ತಾರ, ಅಡಗಿ ಮಾಡ್ತಾರ, ಮಲಗ್ತಾರ. ಹಾದ್ಯಾಗಿನ ಮಂದಿಗೆ ಯಾಕ ತೋರಸಬೇಕು?" ಎಂದರು ಇವರು. ಅತ್ತೆ ಹೌದೆಂದರು. ನಾನೂ ಹೂಂ ಅಂದೆ. ಸೀರೆ ಬದಲಿಸಲು ಅನುಕೂಲ ಎಂದು ಅನ್ನಿಸಿತ್ತು. ಹೂಂ ಅಂದದ್ದು ನಾನೇ, ಆಮೇಲೆ ಇನ್ನೊಬ್ಬರನ್ನು ಬೈದು ಉಪಯೋಗವಿಲ್ಲ.

ಹಾಗೇ ಊರೂರು ತಿರುಗಿದೆವು. ಅನಂತಗಿರಿ ಗುಡ್ಡ, ನಾಗಾರ್ಜುನಸಾಗರ, ಪಾಖಾಲ ಕೆರೆ, ನಲ್ಲಮಲ ಕಾಡು. ಮುಂದೆ ಗಾಡಿ ಹೊಡೆಯುವ ಇವರ ಪಕ್ಕ ಒಂದೇ ಸೀಟು. ಹಿಂದೆ ಕೂತರೆ ಮಗಳು ವಾಂತಿ ಮಾಡುತ್ತಿದ್ದಳು, ಅದಕ್ಕೆ ಆ ಸೀಟು ಅವಳಿಗೆ. ಹಿಂದೆ ನಾನು, ಅತ್ತೆ. ನಡುವೆ ರೊಟ್ಟಿಯಷ್ಟು ಅಗಲದ ಒಂದು ಕಿಂಡಿ. ಮಗಳು ಅದರಲ್ಲಿ ಬಾಯಿಟ್ಟು "ಅವ್ವಾ ನವಿಲು!" ಎಂದು ಕೂಗುವಳು. ನಾನು ಎದ್ದು ಕಿಂಡಿಗೆ ಕಣ್ಣಿಡುವಷ್ಟರಲ್ಲಿ ಕಾಣುವುದು ಅವಳ ಜಡೆ.

ಆದರೆ ಕಣ್ಣು ಮುಚ್ಚಿದರೆ ಕಿವಿ ತೆರೆಯುತ್ತದೆ ಅಂತಾರಲ್ಲ, ಅದು ಸುಳ್ಳಲ್ಲ. ಕಾಡು ಬಂದದ್ದು ನನಗೆ ಗಾಜು ಮುಟ್ಟಿದರೆ ಗೊತ್ತಾಗುತ್ತಿತ್ತು, ತಣ್ಣಗಾಗುತ್ತಿತ್ತು. ಮಾಡಿನ ಮೇಲೆ ಪಟಪಟ ಬಡಿದರೆ ಹುಣಸೆ ಮರದ ಸಾಲು. ಘಾಟ್ ಬಂದರೆ ತೊಡೆಯ ಮೇಲೆ ಹಿಡಿದ ಪಾತ್ರೆಯಲ್ಲಿ ನೆನೆಹಾಕಿದ ಬೇಳೆ ಒಂದು ಕಡೆ ಸರಿಯುತ್ತಿತ್ತು. ಬಲಕ್ಕೆ ತಿರುವು ಇದ್ದರೆ ಎಡಕ್ಕೆ, ಎಡಕ್ಕೆ ಇದ್ದರೆ ಬಲಕ್ಕೆ. ಬೆಟ್ಟ ಎಂದರೆ ನನಗೆ ಅದೇ. ಗಾಡಿ ನಿಂತಾಗ ಇವರು ಹಿಂದಿನ ಬಾಗಿಲು ತೆರೆಯುತ್ತಿದ್ದರು. ಇವರು ನಿಲ್ಲಿಸುವುದು ನೆರಳು, ನೀರು ಇರುವ ಕಡೆ. ಹಾಗಾಗಿ ನಾನು ನೋಡಿದ ಆಂಧ್ರಪ್ರದೇಶದಲ್ಲೆಲ್ಲ ಒಂದು ಬೇವಿನ ಮರ, ಒಂದು ಬೋರಿಂಗು. ಕೊಡ ಇಟ್ಟು ಕೈಯಿಂದ ಹೊಡೆಯುವ ಬೋರಿಂಗು. ಊರಿಗೆ ಬಂದ ಮೇಲೆ ಪಕ್ಕದ ಮನೆಯ ತೆಲುಗಿನಾಕೆ "ಏಂ ಚೂಸಿನವ್?", ಏನು ನೋಡಿದೆ ಎಂದು ಕೇಳಿದರೆ ಮಗಳು ಹೇಳಿದ್ದನ್ನೇ ನನ್ನದೆಂಬಂತೆ ಹೇಳುತ್ತಿದ್ದೆ.

ಉಳಿದ ಊರು ಕಾಣದಿದ್ದರೆ ನನಗೇನೂ ದುಃಖವಿರಲಿಲ್ಲ. ಕೃಷ್ಣೆಯ ಮಾತು ಬೇರೆ. ನನ್ನ ತವರೂರು ವಿಜಾಪುರ ಜಿಲ್ಲೆಯಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಅಲ್ಲಿ ಹೊಳೆ ಎಂದರೆ ಚಪ್ಪಟೆ. ಬೇಸಿಗೆಯಲ್ಲಿ ಎಮ್ಮೆಗಳು ನಡೆದು ದಾಟುತ್ತವೆ, ಮಳೆಗಾಲದಲ್ಲಿ ಕೆಂಪಗೆ ಉಬ್ಬಿ ಹೊಲಕ್ಕೆ ಬರುತ್ತದೆ, ಅಷ್ಟೇ. ಅದೇ ಹೊಳೆ ಶ್ರೀಶೈಲದ ಹತ್ತಿರ ಎರಡು ಬೆಟ್ಟದ ನಡುವೆ, ಬಾವಿಯಷ್ಟು ಆಳದಲ್ಲಿ, ಹಸಿರಾಗಿ ಹೋಗುತ್ತದೆ ಎಂದು ಇವರು ಹೇಳಿದಾಗ ನಾನು ನಂಬಲಿಲ್ಲ. ಎಮ್ಮೆ ದಾಟುವ ಹೊಳೆಗೆ ಬೆಟ್ಟ ಹೇಗೆ ದಾರಿ ಬಿಟ್ಟಿತು? ಕೆಂಪು ನೀರು ಎಲ್ಲಿ ಹಸಿರಾಯಿತು? ಇದನ್ನು ಕಣ್ಣಿನಿಂದ ನೋಡಬೇಕು ಎಂದು ತಲೆಯಲ್ಲಿ ಹೊಕ್ಕಿತ್ತು.

ನಾಲ್ಕು ಸಲ ಶ್ರೀಶೈಲಕ್ಕೆ ಹೋದೆವು. ಊರ ಕೆಳಗಿನ ಕೃಷ್ಣೆಗೆ ಪಾತಾಳಗಂಗೆ ಅನ್ನುತ್ತಾರೆ, ಅಲ್ಲಿಗೆ ನೂರಾರು ಮೆಟ್ಟಿಲು ಇಳಿಯಬೇಕು. ಅತ್ತೆಯ ಮೊಣಕಾಲು ಇಳಿಯುವಂಥದ್ದಲ್ಲ, ಅವರ ಹತ್ತಿರ ಒಬ್ಬರು ಇರಬೇಕು. ಅಪ್ಪ ಮಗಳು ಹೋಗಿ ಮಿಂದು ಬರುವಾಗ ಕ್ಯಾನಿನಲ್ಲಿ ನೀರು ತರುತ್ತಿದ್ದರು. ನಾನು ನೋಡಿದ ಕೃಷ್ಣೆ ತಂಬಿಗೆಯಲ್ಲಿತ್ತು. ತಂಬಿಗೆಯಲ್ಲಿ ಅದು ಹಸಿರಾಗಿರಲಿಲ್ಲ.

ಇನ್ನು ಉಡಿ. ನಮ್ಮ ಕಡೆ ಕೃಷ್ಣೆಯನ್ನು ಬರಿಗೈಯಲ್ಲಿ ದಾಟುವುದಿಲ್ಲ. ಮನೆಗೆ ಬಂದ ಹೆಣ್ಣುಮಗಳಿಗೆ ಉಡಿ ತುಂಬುವ ಹಾಗೆ ಹೊಳೆಗೂ ತುಂಬುತ್ತೇವೆ. ಒಂದು ಕುಪ್ಪಸದ ಖಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಎಲೆ ಅಡಿಕೆ ಇಟ್ಟು ಗಂಟು ಕಟ್ಟಿ ನೀರಿಗೆ ಬಿಡುವುದು. ಮಾವ ತೀರಿಕೊಂಡ ಮೇಲೆ ಅತ್ತೆ ಉಡಿ ಮುಟ್ಟುತ್ತಿರಲಿಲ್ಲ. ಹೇಗೆ ಕಟ್ಟಬೇಕು ಎಂದು ಹೇಳುವುದು ಅವರು, ಕಟ್ಟುವುದು ನಾನು. ಗಾಜಿನ ಮೇಲ್ಗಡೆ ಕೈ ಹೋಗುವಷ್ಟು ಒಂದು ಗಾಳಿಕಿಂಡಿ ಇತ್ತು, ತಲೆಗಿಂತ ಎತ್ತರದಲ್ಲಿ. ಇವರು ಮುಂದಿನಿಂದ "ಹೊಳಿ ಬಂತು!" ಎಂದು ಒದರಿದ ಕೂಡಲೇ ಅತ್ತೆ ಕೂತಲ್ಲೇ ಕೈ ಮುಗಿಯುವರು, ನಾನು ಕೈ ಚಾಚಿ ಗಂಟನ್ನು ಒಗೆಯುವೆನು. ಎಲ್ಲಿ ಬಿತ್ತು ಎಂದು ನೋಡುವಂತಿಲ್ಲ. ಒಮ್ಮೆ ಹೊರಗೆ ಯಾರೋ ಬೈದದ್ದು ಕೇಳಿಸಿತು. ಮೀನು ಹಿಡಿಯುವವರು ಇರಬೇಕು ಎಂದು ಅತ್ತೆ ಅಂದರು.

ನಾಲ್ಕನೆಯ ಸಲ ಹೋಗುವಾಗಲೂ ಹಾಗೇ ಆಯಿತು. ಇವರು ಒದರಿದರು, ನಾನು ಒಗೆದೆ. ಆಮೇಲೆ ಒಂದೂವರೆ ತಾಸು ಗಾಡಿ ಹೋಯಿತು. ಗಾಜು ತಣ್ಣಗಾಯಿತು, ಬೇಳೆ ಅತ್ತ ಇತ್ತ ಸರಿಯತೊಡಗಿತು, ಘಾಟ್ ಬಂತು ಎಂದುಕೊಂಡೆ. ಆ ವರ್ಷ ಮಗಳು ಶಾಲೆಯಲ್ಲಿ ತೆಲುಗು ಓದಲು ಕಲಿತಿದ್ದಳು. ದಾರಿಯ ಬೋರ್ಡುಗಳನ್ನೆಲ್ಲ ಓದುತ್ತ ಬರುತ್ತಿದ್ದಳು, ಬೀಡಿಯ ಜಾಹೀರಾತನ್ನೂ ಬಿಡದೆ. ಇಳಿಜಾರು ಮುಗಿದು ಬೇಳೆ ಸಮವಾಯಿತು. ಗಾಲಿಯ ಸದ್ದು ಟೊಳ್ಳಾಯಿತು, ಕೆಳಗೆ ನೆಲವೇ ಇಲ್ಲದ ಹಾಗೆ. ಮಗಳು ಕಿಂಡಿಯಲ್ಲಿ ಬಾಯಿಟ್ಟಳು.

"ಅವ್ವಾ, ಇಲ್ಲಿ ಕೃಷ್ಣಾ ನದಿ ಅಂತ ಬೋರ್ಡ್ ಐತಿ!"

ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಹಂಗಾರ ಆಗಳೇ ಯಾರಿಗೆ ಕೊಟ್ಟೆವು?" ಎಂದರು ಅತ್ತೆ.

ನಾನು ಕಿಂಡಿ ಬಡಿದೆ. "ರೀ, ನಿಲ್ಲಸ್ರಿ!"

"ಬ್ರಿಜ್ ಮ್ಯಾಲೆ ನಿಲ್ಲಂಗಿಲ್ಲ! ಹಿಂದ ಲಾರಿ ಐತಿ!"

ಮಗಳ ಜಡೆ ಸರಿಸಿ ಕಣ್ಣಿಟ್ಟೆ. ಕಂಡದ್ದು ಸೇತುವೆಯ ಕಂಬಿ, ಒಂದರ ಹಿಂದೆ ಒಂದು. ಆಮೇಲೆ ಬೇಳೆ ಮತ್ತೆ ಸರಿಯಿತು. ಹೊಳೆ ಹಿಂದೆ ಹೋಯಿತು.

ಶ್ರೀಶೈಲದಲ್ಲಿ ಎಂದಿನ ಮರದ ಕೆಳಗೆ, ಎಂದಿನ ಬೋರಿಂಗಿನ ಪಕ್ಕ ಗಾಡಿ ನಿಂತಿತು. ಇವರು ಬಾಗಿಲು ತೆರೆಯುವ ಮೊದಲೇ ಅತ್ತೆ ಶುರು ಮಾಡಿದ್ದರು.

"ಏ ತಮ್ಮಾ, ಆಗಳೇ ನೀ ಒದರಿದ್ದು ಯಾವ ಹೊಳಿ?"

ಇವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

"ಅದು ಡಿಂಡಿ."

"ಡಿಂಡಿ ಅಂದ್ರ?"

"ಡ್ಯಾಮ್ ಬೇ ಯವ್ವಾ. ದೊಡ್ಡ ಕೆರಿ ಇದ್ದಂಗ."

"ನಾಲ್ಕು ಸಲಾನೂ?"

"ಘಾಟಿನ್ಯಾಗ ನಾ ಸ್ಟೇರಿಂಗ್ ಹಿಡೀಲೋ, ಹೊಳಿ ಬಂತು ಅಂತ ಒದರಲೋ? ನೀವಿಬ್ಬರೂ ಒಳಗ ಎದ್ದು ಕುಣಿದ್ರ ಗಾಡಿ ವಾಲತೈತಿ. ಡಿಂಡಿ ಹತ್ರ ರಸ್ತಾ ಸೀದಾ ಐತಿ. ಅಲ್ಲೇ ಮುಗಿಸಿಬಿಡೂಣು ಅಂತ..."

"ಕೃಷ್ಣವ್ವನ ಉಡಿ ಕೆರಿಗೆ ಹಾಕಿಸಿದ್ಯಾ!"

"ಆ ನೀರೂ ಕಡೀಕ ಕೃಷ್ಣಾಕ್ಕ ಹೋಗಿ ಕೂಡತೈತಿ ಬೇ. ಪೋಸ್ಟ್ ಡಬ್ಬಿಗೆ ಹಾಕಿದ್ರ ಮನಿಗೆ ಮುಟ್ಟಂಗಿಲ್ಲೇನು?"

"ನಡುವ ಕಟ್ಟಿ ಕಟ್ಯಾರಲ್ಲೋ! ಉಡಿ ಕಟ್ಟಿ ಜಿಗಿದು ಹೋಗತೈತೇನು?"

ನನಗೆ ನಗು ಬಂತು, ತಡೆದುಕೊಂಡೆ. ನನ್ನ ಸಿಟ್ಟು ಉಡಿಯದಲ್ಲ. ಖಣ ಹೋದರೆ ಹೋಯಿತು. ನಾಲ್ಕು ಸಲ ಹೊಳೆಯ ಮೇಲೆ ಹಾದುಹೋದರೂ ನಾನು ಬೇಳೆಯ ಪಾತ್ರೆ ಹಿಡಿದು ಕೂತಿದ್ದೆ. ಅದು ನೆತ್ತಿಗೆ ಏರಿತ್ತು.

ಸಂಜೆ ಊಟಕ್ಕೆ ಬಡಿಸುತ್ತ ಹೇಳಿದೆ: "ನಾ ಹೊಳಿ ನೋಡಬೇಕ್ರಿ."

"ಏನ ನೋಡ್ತಿ? ನೀರು. ನಿಮ್ಮೂರಾಗ ನೋಡಿಲ್ಲೇನು?"

"ಅಲ್ಲಿಂದು ನೋಡೀನಿ. ಇಲ್ಲಿಂದು ನೋಡಿಲ್ಲ."

"ಅದ ನೀರ ಮಾರಾಯ್ತಿ."

"ಅದ ಹೌದೋ ಅಲ್ಲೋ, ಅದನ್ನ ನೋಡಬೇಕು."

"ನಾಳಿಗೆ ಹೊಳ್ಳಿ ಹೋಗುವಾಗ ಹಾರ್ನ್ ಹೊಡೀತೀನಿ ತಗೋ."

"ಹಾರ್ನ್ ಹೊಡದ್ರ ಗಾಜಿನ್ಯಾಗಿಂದ ಹೊಳಿ ಕಾಣತೈತೇನ್ರಿ? ಮುಂದ ಕೂಡ್ತೀನಿ."

ಇವರು ತಾಯಿಯ ಕಡೆ ನೋಡಿದರು. ಅತ್ತೆ ತಾಟಿನ ಕಡೆ ನೋಡಿದರು. ಅತ್ತೆಯನ್ನು ಹಿಂದೆ ಹಾಕಿ ಸೊಸೆ ಗಂಡನ ಮಗ್ಗುಲಲ್ಲಿ ಮುಂದೆ ಕೂತು ಊರೆಲ್ಲ ನೋಡುತ್ತ ಹೋಗುವುದು ನಮ್ಮಲ್ಲಿ ಆಗ ಇರಲಿಲ್ಲ. ಯಾರೂ ಬೇಡ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ನಾನು ಸಾರು ಬಡಿಸಿದೆ.

ತಾಟು ತೊಳೆಯುವಾಗ ಮಗಳನ್ನು ಪಕ್ಕಕ್ಕೆ ಕರೆದು ಕೇಳಿದೆ. "ನಾಳಿಗೆ ಹೋಗುವಾಗ ಬ್ರಿಜ್ ಮ್ಯಾಲೆ ಶ್ರೀಶೈಲದ ಡ್ಯಾಮ್ ಯಾವ ಕಡೆ ಬರತೈತಿ?"

ಅವಳು ಕೈ ಚಾಚಿ, ತಿರುಗಿ ನಿಂತು, ಲೆಕ್ಕ ಹಾಕಿ, "ಎಡಕ್ಕ" ಎಂದಳು. "ಯಾಕವ್ವಾ, ಡ್ಯಾಮ್ ನೋಡ್ತಿ?"

ಡ್ಯಾಮ್ ನನಗೆ ಬೇಡ. ನೀರು ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತು, ನಮ್ಮೂರಿಂದ. ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕಿತ್ತು. ಅಂದರೆ ಡ್ಯಾಮಿನ ಎದುರು ಬದಿ, ಬಲಗಡೆಯ ಗಾಜು. ಬಲಗಡೆ ಅತ್ತೆಯ ಮಂಚ.

ಮರುದಿನ ಬೆಳಗ್ಗೆ ಅಪ್ಪ ಮಗಳು ಕ್ಯಾನು ಹಿಡಿದು ಮೆಟ್ಟಿಲು ಇಳಿಯಲು ಹೋದರು. ಅತ್ತೆಗೆ ಚಹಾ ಮಾಡಿ ಕೊಟ್ಟೆ. ಸ್ಟೋವಿನಿಂದ ಸ್ವಲ್ಪ ಸೀಮೆಎಣ್ಣೆ ಬಗ್ಗಿಸಿಕೊಂಡು, ಒರೆಸುವ ಬಟ್ಟೆ ಅದ್ದಿ, ಅತ್ತೆಯ ಮಂಚದ ಮೇಲೆ ಮೊಣಕಾಲು ಊರಿ ಗಾಜಿಗೆ ಹಚ್ಚಿದೆ. ರೊಟ್ಟಿ ಮಗುಚುವ ತಗಡಿನಿಂದ ಕೆರೆಯಲು ಶುರು ಮಾಡಿದೆ. ಮೊದಲು ಬರಲಿಲ್ಲ. ಅಂಚು ಎದ್ದ ಮೇಲೆ ಬಣ್ಣ ಹಪ್ಪಳದ ಹಾಗೆ ಚೂರು ಚೂರಾಗಿ ಬಂತು.

ಅತ್ತೆ ಎರಡು ಗುಟುಕು ಚಹಾ ಕುಡಿಯುವವರೆಗೆ ನೋಡಿದರು.

"ನನ್ನ ಕಾಲ ಮ್ಯಾಲೆ ಉದುರಾಕತ್ತೈತಿ."

"ಕಾಲು ಮಡಚ್ರಿ ಅತ್ತಿ."

ಮಡಚಿದರು.

"ಅವ ಬಂದು ಒದರ್ತಾನ."

"ಒದರ್ಲಿ. ಡಿಂಡಿ ಹತ್ರ ಒದರಿ ರೂಢಿ ಐತಲ್ಲ."

ಅತ್ತೆಯ ಮೂಗಿನಿಂದ ಚಹಾ ಬಂತು. ಕೆಮ್ಮು ನಿಂತ ಮೇಲೆ, "ಟ್ರಂಕಿನ್ಯಾಗ ನಿಂದೊಂದು ಹಸಿರು ಖಣ ಐತಲ್ಲ, ತಗಿ. ಈ ಸಲ ನೋಡಿ ಒಗಿ," ಎಂದರು.

ಅಷ್ಟರಲ್ಲಿ ತಾಟಿನಷ್ಟು ಅಗಲ ಗಾಜು ಬಯಲಾಗಿತ್ತು. ಕಣ್ಣಿಟ್ಟು ನೋಡಿದೆ. ಬೋರಿಂಗು ಕಂಡಿತು. ಮತ್ತೆ ಬಟ್ಟೆ ಅದ್ದಿಕೊಂಡೆ, ಇನ್ನೂ ಒಂದು ತಾಟಿನಷ್ಟು ಪಕ್ಕಕ್ಕೆ ಕೆರೆದೆ, ಎರಡು ತಲೆ ಹಿಡಿಯುವ ಹಾಗೆ. ಇಲ್ಲದಿದ್ದರೆ ಸೇತುವೆಯ ಮೇಲೆ ಅತ್ತೆ ನನ್ನನ್ನು ದೂಡುತ್ತಿದ್ದರು.