ಡಯಲ್ ಮುಳ್ಳು ನಿಲ್ಲದ ಮೂರು ದಿನ

ಏರುತಗ್ಗು ಅಳೆಯುವ ಡಯಲ್‌ನ ಮುಳ್ಳು ಮತ್ತೆ ಹನ್ನೆರಡು ಗೆರೆ ಓಡಿತು. ನಾನು ಪಾನಾ ಕೆಳಗಿಟ್ಟು ರಂಗಂಪೇಟೆಯ ನನ್ನ ವರ್ಕ್‌ಶಾಪಿನ ನೆಲದ ಮೇಲೆಯೇ ಕುಳಿತುಬಿಟ್ಟೆ. ಕಡೇಚೂರಿನ ಕಾರ್ಖಾನೆ ಕೆಲಸ ಬಿಟ್ಟು ಕೊಂಡು ತಂದ, ಲೋಹದ ತುಂಡು ಕೊರೆಯುವ ಹಳೆಯ ಸಿಎನ್‌ಸಿ ಮಿಲ್ಲಿಂಗ್ ಯಂತ್ರ ಅದು. ಮೂರು ದಿನ ಅದರ ಕಾಲಿನ ಬೋಲ್ಟು ತಿರುವಿ ತಿರುವಿ ಮಟ್ಟ ಮಾಡಿದ್ದೆ. ಆದರೂ ತುಂಡು ಹಿಡಿಯುವ ವೈಸ್ ಮೇಲೆ ಅಳತೆ ನೋಡಿದಾಗಲೆಲ್ಲ ಒಂದು ಬದಿ ಎತ್ತರ. ಸೊಟ್ಟ ಯಂತ್ರ ಕೊಂಡು ಕೆಟ್ಟೆ ಎಂದುಕೊಂಡೆ.

ಬುತ್ತಿ ತಂದ ಅವ್ವ ನನ್ನ ಮುಖ ನೋಡಿದಳು.

“ಕೆಳಗ ಎಲ್ಲೋ ಕೂದಲೆಳಿಯಷ್ಟು ಎತ್ತರ ಐತಿ ಯವ್ವಾ. ಸಿಗವಲ್ದು,” ಎಂದೆ.

ಅವಳು ವೈಸ್ ಕಡೆ ಕೈ ತೋರಿಸಿದಳು. “ಮಿಶಿನ್ ಪೂಜಿ ದಿನ, ಕೂಡಸೂ ಮುಂಚೆ, ಇದನ್ನ ನೀ ಡಬ್ಬ ಹಾಕಿದ್ದೆಲ್ಲೋ. ಮಾರಿ ಯಾವ್ದು, ಬುಡ ಯಾವ್ದು ನನಗೇನ್ ಗೊತ್ತಪಾ. ಕಂಡ ಕಡಿ ಮೂರು ಬಟ್ಟ ಇಬತ್ತಿ ಎಳದೀನಿ.”

ವೈಸ್ ಬಿಚ್ಚಿ ಹೊರಳಿಸಿದೆ. ಬುಡದ ಒಂದು ಅಂಚಿನಲ್ಲಿ ವಿಭೂತಿಯ ಮೂರು ಗೆರೆ ಒಣಗಿ ಗಟ್ಟಿಯಾಗಿದ್ದವು. ಕೂರಿಸುವ ಮುನ್ನ ಬುಡ ಒರೆಸಬೇಕೆಂದು ಕಾರ್ಖಾನೆಯಲ್ಲಿ ಹೊಸಬರಿಗೆಲ್ಲ ಬೈದು ಕಲಿಸಿದವನು ನಾನು. ಒರೆಸಿ ಕೂರಿಸಿ ಮತ್ತೆ ಅಳತೆ ನೋಡಿದೆ. ಮುಳ್ಳು ಅರ್ಧ ಗೆರೆಯೂ ಅಲುಗಲಿಲ್ಲ. ಮೂರು ದಿನದ ಮೇಲೆ ಅಂದು ಹೊಟ್ಟೆ ತುಂಬ ಉಂಡೆ.

ಈಗಲೂ ಅವ್ವ ಬೆಳಿಗ್ಗೆ ವಿಭೂತಿ ಹಿಡಿದು ಯಂತ್ರದ ಮುಂದೆ ನಿಲ್ಲುತ್ತಾಳೆ. “ಎಲ್ಲಿ ಹಚ್ಚಿದ್ರ ಇದಕ್ಕ ತ್ರಾಸ ಆಗಂಗಿಲ್ಲಪಾ?” ಎಂದು ಕೇಳುತ್ತಾಳೆ. ನಾನು ಬಗ್ಗಿ ನನ್ನ ಹಣೆ ಕೊಡುತ್ತೇನೆ.