ಗೋಡೆಯ ಮೇಲಿನ ಅಕ್ಕ

ಮೊಮ್ಮಗನಿಗೆ ಮೂರು ತುಂಬಿತು. ಮನೆದೇವರಿಗೆ ಮುಡಿ ಕೊಡಲು ಸೋಮವಾರ ಗೊತ್ತಾಗಿದ್ದೇ ತಡ, ನಮ್ಮ ಮಿರ್ಲೆಯ ಮನೆಯಲ್ಲಿ ಜಗಳ ಹತ್ತಿಕೊಂಡಿತು. ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲು ಹುಡುಗನ ಬೆನ್ನಿಗೆ ಇಳಿದಿತ್ತು. ಬೋಳಿಸುವ ಮೊದಲು ಒಂದೇ ಒಂದು ಸಲ ಮೊಗ್ಗಿನ ಜಡೆ ಹಾಕಿ, ಲಂಗ ಉಡಿಸಿ ಫೋಟೊ ತೆಗೆಸಬೇಕೆಂದು ನನ್ನ ಸೊಸೆಯ ಆಸೆ. ಹುಣಸೂರಿನ ತವರಿಗೆ ಹೋದಾಗ ಲಂಗವನ್ನೂ ಹೊಲಿಸಿಕೊಂಡು ಬಂದಿದ್ದಳು.

"ಗಂಡ್ ಮಗೀಗೆ ಲಂಗವಾ? ನಾಳೆ ಸ್ಕೂಲಲ್ಲಿ ಎಲ್ರೂ ಆಡ್ಕತಾರೆ ಕಣೇ. ಬ್ಯಾಡ ಅಂದ್ರೆ ಬ್ಯಾಡ," ಎಂದ ಮಗ. ನನ್ನ ಕಡೆ ತಿರುಗಿ, "ನೀನೇ ಇವ್ಳಿಗೆ ಏಳಪ್ಪ," ಅಂದ.

ನಾನು ಮೀಸೆ ತಿರುವಿದೆ. ಕಷ್ಟ ಬಂದಾಗ ನಾನು ಮಾಡುವುದು ಅದೊಂದೇ. ನಡುಮನೆಯ ಗೋಡೆಯಲ್ಲಿ, ತೀರಿಹೋದ ಅಪ್ಪ ಅವ್ವನ ಫೋಟೊಗಳ ಪಕ್ಕ, ಮೊಗ್ಗಿನ ಜಡೆಯ ಪುಟ್ಟ ಹುಡುಗಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಮನೆಯವರಿಗೆಲ್ಲ ಅವಳು ಮೂರು ವರ್ಷಕ್ಕೇ ತೀರಿಕೊಂಡ ನನ್ನ ಅಕ್ಕ. ನಿಜ ಗೊತ್ತಿದ್ದವನು ನಾನೊಬ್ಬನೇ. ಆ ಹುಡುಗಿ ನಾನೇ.

ಹಿಂದಿನವರಿಗೆ ಇದರಲ್ಲಿ ನಾಚಿಕೆಯೇನೂ ಇರಲಿಲ್ಲ. "ಮುಡಿ ಕೊಡೋಗಂಟ ಗಂಡೂ ಇಲ್ಲ, ಎಣ್ಣೂ ಇಲ್ಲ, ಕೂಸು ಅಷ್ಟೆಯ," ಎನ್ನುತ್ತಿದ್ದಳು ನನ್ನಜ್ಜಿ. ಅವಳ ಅಜ್ಜಿಯೂ ಗಂಡುಮಕ್ಕಳಿಗೆ ಕಿವಿ ಚುಚ್ಚಿಸಿ, ಜಡೆ ಹೆಣೆದು ಸಂತೋಷಪಟ್ಟವಳೇ ಅಂತೆ. ಹಳೆಯ ಕಾಲದ ಚಿತ್ರಗಳಲ್ಲಿ ದೊಡ್ಡ ಮನೆತನದ ಮಕ್ಕಳನ್ನು ನೋಡಿ: ಕಿವಿಗೆ ಓಲೆ, ಕೊರಳಿಗೆ ಸರ, ಕೈಗೆ ಬಳೆ. ಗಂಡು ಯಾವುದು, ಹೆಣ್ಣು ಯಾವುದು ಹೇಳಿ ನೋಡೋಣ! ನನಗೆ ಒಡಹುಟ್ಟಿದವರಿಲ್ಲ. ಹೆಣ್ಣುಮಗು ಬೇಕೆಂಬ ಅವ್ವನ ಆಸೆಯೆಲ್ಲ ಆ ಒಂದು ದಿನದಲ್ಲಿ ತೀರಬೇಕಿತ್ತು.

ಕೆ.ಆರ್. ನಗರದ ಸ್ಟುಡಿಯೊದಲ್ಲಿ ನನ್ನನ್ನು ಓರೆಯಾಗಿ ನಿಲ್ಲಿಸಿ, ಜಡೆ ಕಾಣಲೆಂದು ಬೆನ್ನ ಹಿಂದೆ ಕನ್ನಡಿ ಇಟ್ಟರಂತೆ. ಫೋಟೊದಲ್ಲಿ ಎಷ್ಟು ಸಾಧು ನಾನು! ಬಸ್ಸಿಳಿದು ಮನೆಗೆ ಬರುವಾಗ ನಾಲೆ ಕಂಡದ್ದೇ ಅವ್ವನ ಕೈ ಕೊಸರಿಕೊಂಡು, ಲಂಗದ ಸಮೇತ ನೀರಿಗೆ ಹಾರಿದೆನಂತೆ. ಆ ಲಂಗವೋ ಪಕ್ಕದ ಮನೆಯಿಂದ ಎರವಲು ತಂದದ್ದು. ಅವ್ವ ಈ ಕಥೆ ಹೇಳುವಾಗಲೆಲ್ಲ ನಕ್ಕು ನಕ್ಕು ಕೆಮ್ಮುತ್ತಿದ್ದಳು. ನನ್ನ ಬಾಲ್ಯ ಅಂದರೆ ಆ ನಾಲೆಯೇ. ಫೋಟೊ ತೆಗೆದವನಿಗೆ ಅದು ಸಿಗಲಿಲ್ಲ.

ಮದುವೆಯಾದ ಹೊಸತು. ಅಪ್ಪ ಅವ್ವ ಇಬ್ಬರೂ ಆಗಲೇ ಹೋಗಿದ್ದರು. ಹೆಂಡತಿ ಟ್ರಂಕು ಒರೆಸುತ್ತಿದ್ದವಳು ಫೋಟೊ ಹಿಡಿದು ಬಂದು, "ಯಾರ್ರೀ ಇದು, ಎಷ್ಟ್ ಮುದ್ದಾಗವ್ಳೆ?" ಎಂದಳು. ಆಗಷ್ಟೇ ದಪ್ಪ ಮೀಸೆ ಬಿಟ್ಟಿದ್ದ ನನಗೆ ನಿಜ ಹೇಳಲು ಬಾಯಿ ಬರಲಿಲ್ಲ. "ನಮ್ಮಕ್ಕ. ಚಿಕ್ಕೋಳಿದ್ದಾಗ್ಲೇ ಓಗ್ಬುಟ್ಲು," ಅಂದುಬಿಟ್ಟೆ. ಅವಳ ಕಣ್ಣು ತುಂಬಿತು. ಮಾರನೆಯ ವಾರವೇ ಕಟ್ಟು ಹಾಕಿಸಿ ಗೋಡೆಗೆ ಏರಿಸಿದಳು.

ಅಲ್ಲಿಂದ ಪ್ರತಿ ಪಿತೃಪಕ್ಷದಲ್ಲೂ ಹಿರಿಯರ ಜೊತೆ ನನಗೂ ಎಡೆ. ಬಾಳೆಯೆಲೆಯ ಮೇಲೆ ನನಗೆಂದು ಇಟ್ಟ ಕಜ್ಜಾಯವನ್ನು ಆಮೇಲೆ ನಾನೇ ತಿನ್ನುತ್ತಿದ್ದೆ. ಅಷ್ಟೇ ಆಗಿದ್ದರೆ ಎಂದೋ ನಕ್ಕು ಹೇಳಿಬಿಡುತ್ತಿದ್ದೆ. ಆದರೆ ಇವಳು ಎಲ್ಲರೂ ಹೊರಗೆ ಹೋದ ಮೇಲೆ ಆ ಫೋಟೊದ ಮುಂದೆ ನಿಂತು ಮಾತಾಡುವಳು. "ಅತ್ಗೆಮ್ಮ, ನಿನ್ ತಮ್ಮನ್ಗೆ ಒಗೆಸೊಪ್ಪು ಬುಡ್ಸವ್ವ." ಕಿಟಕಿಯಾಚೆ ನಿಂತಿದ್ದ ನನಗೆ ಕೇಳಿಸಿತು. ತಂಬಾಕು ಅಗಿಯುವುದನ್ನು ಅಂದೇ ಬಿಟ್ಟೆ. ಇನ್ನೊಂದು ವರ್ಷ, "ತೌರ್ ಮನೆ ಕಂಡು ನಾಕ್ ವರ್ಸ ಆಯ್ತು," ಎಂದಳು. ಮುಂದಿನ ವಾರವೇ ಅವಳನ್ನು ತವರೂರು ಬೀಚನಹಳ್ಳಿಗೆ ಕರೆದೊಯ್ದು, ತುಂಬಿದ ಕಬಿನಿ ತೋರಿಸಿದೆ. ಅತ್ತೆಯಿಲ್ಲದ ಮನೆಗೆ ಬಂದವಳಿಗೆ ಮನಸ್ಸು ಬಿಚ್ಚಲು ಇದ್ದವಳು ಆ ಅತ್ತಿಗೆ ಒಬ್ಬಳೇ.

ಈಗ ಸೊಸೆ ಆಸೆಪಟ್ಟ ಫೋಟೊ ತೆಗೆಸಬೇಕಾದರೆ ನಾನು ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ನನ್ನ ಹೆಂಡತಿಯ ಅತ್ತಿಗೆ ಇಲ್ಲವಾಗುತ್ತಾಳೆ. ನನ್ನ ಮರ್ಯಾದೆ ಹೋದರೆ ಹೋಗಲಿ, ಅವಳಿಗೆ ಆ ಅತ್ತಿಗೆ ಇಲ್ಲದಂತಾಗುವುದಕ್ಕೇ ಹೆದರಿದ್ದೆ ನಾನು. ಸೊಸೆ ಲಂಗವನ್ನು ಮಡಿಸತೊಡಗಿದಳು. ಅದನ್ನು ನೋಡಲಾಗಲಿಲ್ಲ.

"ಉಡ್ಸವ್ವ," ಎಂದೆ. "ಗೋಡೆ ಮ್ಯಾಲೆ ಇರೋಳು ನಮ್ಮಕ್ಕ ಅಲ್ಲ. ಅದು ನಾನೇಯ."

ಮಗ ಒಮ್ಮೆ ಫೋಟೊ, ಒಮ್ಮೆ ನನ್ನ ಮೀಸೆ ನೋಡಿದ. ಅವನ ವಾದ ಅಲ್ಲಿಗೆ ಮುಗಿಯಿತು. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ಹೆಂಡತಿ ಮಾತ್ರ ನಗಲಿಲ್ಲ. ಫೋಟೊ ಇಳಿಸಿ, ಗಾಜಿನ ಮೇಲಿನ ಕುಂಕುಮ ಒರೆಸಿ, ಬಹಳ ಹೊತ್ತು ನೋಡಿದಳು.

"ಅಂಗಾರೆ ಒಗೆಸೊಪ್ಪು?"

"ಕೇಳಿಸ್ಕಂಡೇ ಬುಟ್ಟಿದ್ದು."

"ತೌರ್ ಮನೆ?"

"ಅದೂವೆ."

"ನಿಮ್ ಮಕಕ್ಕೇ ಏಳಿದ್ದು ಒಂದೂ ನಡೀನಿಲ್ಲ. ಪಟಕ್ಕೆ ಏಳಿದ್ದೆಲ್ಲ ನಡೀತು. ಅವ್ಳೇ ವಾಸಿ ಕಣ್ರೀ," ಎಂದವಳೇ ಕಣ್ಣೀರು ಬರುವಷ್ಟು ನಕ್ಕಳು. ನನ್ನ ಎದೆ ಹಗುರಾಯಿತು.

ಮೊಮ್ಮಗ ಲಂಗ ಉಟ್ಟು ಮೊಬೈಲಿನ ಮುಂದೆ ಒಂದು ನಿಮಿಷ ನಿಂತ. ಮರುಕ್ಷಣ ಕೊಟ್ಟಿಗೆಯ ಕರುವಿನ ಹಿಂದೆ ಓಡಿದ. ಮೊಗ್ಗೆಲ್ಲ ಅಂಗಳದ ತುಂಬ ಚೆಲ್ಲಿತು. ಇವನ ಫೋಟೊ ಈಗ ನನ್ನದರ ಪಕ್ಕ, ಅಡುಗೆಮನೆಯ ಬಾಗಿಲ ಮೇಲಿದೆ. ಹಿರಿಯರ ಸಾಲಿನಿಂದ ನನ್ನನ್ನು ಇಳಿಸಿಯಾಯಿತು.

ಮೊನ್ನೆ ಜಗಲಿಯಲ್ಲಿ ಕೂತಿದ್ದೆ. ಒಳಗಿನಿಂದ, ಬೇಕೆಂದೇ ಗಟ್ಟಿಯಾಗಿ, ಹೆಂಡತಿಯ ದನಿ ಬಂತು: "ಅತ್ಗೆಮ್ಮ, ಮಂಡಿ ನೋಯ್ತಾದೆ, ಆಸ್ಪತ್ರೆಗೆ ಕರ್ಕೊಂಡೋಗು ಅಂತ ನಿನ್ ತಮ್ಮನ್ಗೆ ವಸಿ ಏಳವ್ವ."

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.